ಕರಿದ ಎಣ್ಣೆ ಚರಂಡಿಗಲ್ಲ, ಗಲ್ಲಾಪೆಟ್ಟಿಗೆಗೆ

ದರ್ಶಿನಿ, ಚಿಪ್ಸ್ ಅಂಗಡಿ, ಬಜ್ಜಿ ಗಾಡಿ ನಡೆಸುವವರು ಕರಿದುಳಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಪೈಪಿನೊಳಗೆ ಜಿಡ್ಡು ಗಟ್ಟಿಯಾಗಿ ನೀರು ಕಟ್ಟಿಕೊಳ್ಳುತ್ತದೆ. ಅದೇ ಎಣ್ಣೆಯನ್ನು ಬಯೋಡೀಸೆಲ್‌ಗಾಗಿ ದುಡ್ಡು ಕೊಟ್ಟು ಒಯ್ಯುವವರಿದ್ದಾರೆ.

ಮೊದಲು ಎಣ್ಣೆಯ ಬಾಳಿಕೆ ಹೆಚ್ಚಿಸಿ. ದೊಡ್ಡ ಉಳಿತಾಯ ಇರುವುದೇ ಇಲ್ಲಿ. ಕಾವು 180 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಉಪ್ಪನ್ನು ಬಾಣಲೆಯ ಮೇಲೆ ಉದುರಿಸದೆ ತಟ್ಟೆಯಲ್ಲೇ ಬೆರೆಸಿ. ತಳಕ್ಕಿಳಿದ ಹಿಟ್ಟಿನ ಚೂರುಗಳನ್ನು ಪ್ರತಿ ಒಬ್ಬೆಯ ನಂತರ ಜಾಲರಿಯಿಂದ ತೆಗೆಯಿರಿ. ಅವು ಸೀದರೆ ಎಣ್ಣೆ ಬೇಗ ಕಪ್ಪಾಗುತ್ತದೆ. ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯುವ ಟಿಪಿಸಿ (ಒಟ್ಟು ಧ್ರುವೀಯ ಸಂಯುಕ್ತ) ಮೀಟರ್‌ನಲ್ಲಿ ಶೇ 25 ದಾಟಿದ ಎಣ್ಣೆಯನ್ನು ಮತ್ತೆ ಬಳಸುವಂತಿಲ್ಲ; ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಈ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮೀಟರ್ ಇಲ್ಲವೇ? ನೊರೆ ಇಳಿಯದಿದ್ದರೆ, ಕಡಿಮೆ ಕಾವಿಗೇ ಹೊಗೆಯೆದ್ದರೆ ಎಣ್ಣೆ ಬದಲಿಸಿ.

ಹಳೆಯದನ್ನು ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸೋಸಿ, ಒಣಗಿದ ಕ್ಯಾನಿಗೆ ತುಂಬಿ, ‘ಬಳಸಿದ ಎಣ್ಣೆ’ ಎಂದು ಬರೆದಿಡಿ. ನೀರು ಸೇರಿದರೆ ಬಯೋಡೀಸೆಲ್ ಬದಲು ಸೋಪು ಕಟ್ಟುತ್ತದೆ, ದರವೂ ಬೀಳುತ್ತದೆ. ನೋಂದಾಯಿತ ಸಂಗ್ರಹಕಾರರಿಗೇ ತೂಗಿ ಕೊಟ್ಟು ರಸೀದಿ ಪಡೆಯಿರಿ. ಗುರುತಿಲ್ಲದವರಿಗೆ ಮಾರಿದರೆ ಅದು ಮತ್ತೆ ಯಾರದೋ ಬಾಣಲೆ ಸೇರಬಹುದು. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಎಣ್ಣೆಯ ಲೆಕ್ಕದ ಪುಸ್ತಕ ಇಡಲೇಬೇಕು.