ದೇಶ-ದೇಶದ ರೋಗದ ಲೆಕ್ಕ ಹೋಲಿಸೋ ಮೊದಲು ಇಷ್ಟು ನೋಡ್ರಿ

ಮಳಿಗಾಲದಾಗ ಡೆಂಗ್ಯೂ ಚಾಲೂ ಆತಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪಿನ್ಯಾಗ ಒಂದು ಚಾರ್ಟ್ ಓಡಾಡ್ತೈತಿ, ಆ ದೇಶದಾಗ ಇಷ್ಟು ಕೇಸು, ನಮ್ಮಲ್ಲಿ ಎಷ್ಟ್ ಕಮ್ಮಿ ನೋಡ್ರಿ ಅಂತ. ಮುಂದ ಕಳಸೋಕಿಂತ ಮೊದಲು ಆ ನಂಬರಿನ್ಯಾಗ ಯಾರ್‍ಯಾರನ್ನ ಎಣಿಸ್ಯಾರ ಅಂತ ಹುಡುಕ್ರಿ.

2024ರದ್ದ ತಗೋರಿ. ಬ್ರೆಜಿಲ್ 60 ಲಕ್ಷಕ್ಕಿಂತ ಹೆಚ್ಚು ಡೆಂಗ್ಯೂ ಕೇಸ್ ತೋರಿಸ್ತು, ಭಾರತ ಎರಡೂವರೆ ಲಕ್ಷದೊಳಗ. ಅಲ್ಲಿ ಜನ ಸುಮಾರು 21 ಕೋಟಿ, ನಾವು 140 ಕೋಟಿ ಮ್ಯಾಲ. ಬ್ರೆಜಿಲ್‌ಗೆ ಅದು ಖರೇನ ಕೆಟ್ಟ ವರ್ಷ, ಆದ್ರ ಅಲ್ಲಿ ಲಕ್ಷಣ ನೋಡಿ ಡೆಂಗ್ಯೂ ಇರಬಹುದು ಅಂದ ಕೇಸೂ, ಆಮ್ಯಾಲ ಅಲ್ಲ ಅಂತ ತೆಗೀಲಿಲ್ಲಂದ್ರ, ಲೆಕ್ಕದಾಗ ಇರತೈತಿ. ನಮ್ಮಲ್ಲಿ ಸರಕಾರಿ ಲೆಕ್ಕಕ್ಕ ಎಲೈಸಾ ಅನ್ನೋ ಲ್ಯಾಬಿನ ರಕ್ತದ ಟೆಸ್ಟ್ ಪಾಸಿಟಿವ್ ಬರಬೇಕು, ಲಗೂನ ರಿಸಲ್ಟ್ ಕೊಡೋ ಕಾರ್ಡ್ ಟೆಸ್ಟ್ ಒಂದ ಸಾಲೂದಿಲ್ಲ. ಹಾನಗಲ್ ಕಡೆ ಹಳ್ಳ್ಯಾಗ ಜ್ವರ ಬಂದವ್ರು ಊರ ಡಾಕ್ಟರ್ ಹತ್ರ ಇಂಜೆಕ್ಷನ್ ಮಾಡಿಸ್ಕೊಂಡು, ಪ್ಲೇಟ್‌ಲೆಟ್ ನೋಡಿಸಿ, ಪಪ್ಪಾಯಿ ಎಲಿ ರಸ ಕುಡಿದು ಆರಾಮ ಆಗಿಬಿಟ್ರ ಅವರು ಯಾವ ಪಟ್ಟ್ಯಾಗೂ ಇರೂದಿಲ್ಲ.

ಆಮ್ಯಾಲ ಒಟ್ಟು ಸಂಖ್ಯೆ ಬಿಟ್ಟು ಲಕ್ಷ ಜನಕ್ಕ ಎಷ್ಟು ಅಂತ ನೋಡ್ರಿ. ಟಿಬಿ ಒಳಗ ಜಗತ್ತಿನ್ಯಾಗ ನಾವ ಮೊದಲು, ಕಾಲುಭಾಗ ರೋಗಿಗಳು ನಮ್ಮವರ, ಇದು ಸಣ್ಣ ಮಾತಲ್ಲ. ಆದ್ರ ಲಕ್ಷಕ್ಕ ಲೆಕ್ಕ ಹಾಕಿದ್ರ 2023ರಾಗ ಭಾರತದ್ದು ಸುಮಾರು 195, ಫಿಲಿಪೈನ್ಸ್, ಆಫ್ರಿಕಾದ ಲೆಸೊಥೊ ಎರಡೂ 500 ದಾಟ್ಯಾವು. ಇನ್ನೊಂದು, ಇವು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ರಿಪೋರ್ಟ್ ಆದ ಕೇಸಿನ ಪಟ್ಟಿ ಬ್ಯಾರೆ. ಒಂದು ದೇಶದ ಅಂದಾಜು, ಇನ್ನೊಂದರ ರಿಪೋರ್ಟು ಹಿಡಕೊಂಡು ಹೋಲಿಸಬ್ಯಾಡ್ರಿ. 2012ರಿಂದ ಖಾಸಗಿ ಡಾಕ್ಟರೂ ಟಿಬಿ ಕೇಸ್ ಸರಕಾರಕ್ಕ ತಿಳಿಸಲೇಬೇಕು, ಹಿಂಗಾಗಿ ನಂಬರ್ ಏರಿದ್ರ ರೋಗನ ಏರಿತು ಅಂತಲ್ಲ, ಮೊದಲು ಕಣ್ಣಿಗೆ ಬೀಳದವರು ಈಗ ಸಿಗ್ತಿರಬಹುದು.

ಸಾವಿನ ಲೆಕ್ಕ ನೋಡೂವಾಗಂತೂ ಭಾಳ ಹುಷಾರು. 2020ರ ಶುರುವಿನ್ಯಾಗ ಬೆಲ್ಜಿಯಂ ವೃದ್ಧಾಶ್ರಮದಾಗ ಕೊರೊನಾ ಅನುಮಾನ ಇದ್ದು, ಟೆಸ್ಟ್ ಆಗದ ತೀರಿದವ್ರನ್ನೂ ಎಣಿಸ್ತು, ಅದಕ್ಕ ಪ್ರಾಮಾಣಿಕ ಲೆಕ್ಕ ಇಟ್ಟ ದೇಶನ ಕೆಟ್ಟದ್ದಾಗಿ ಕಾಣಿಸ್ತು! ಭಾರತದಾಗ 2020-21ಕ್ಕ ಸರಕಾರಿ ಲೆಕ್ಕ 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆ 2022ರಾಗ ಕೊಟ್ಟ ಹೆಚ್ಚುವರಿ ಸಾವಿನ (ಅಂದ್ರ ಮಾಮೂಲಿಗಿಂತ ಎಷ್ಟು ಹೆಚ್ಚು ಜನ ತೀರಿದ್ರು ಅನ್ನೋದರ) ಅಂದಾಜು 47 ಲಕ್ಷ. ನಮ್ಮ ಸರಕಾರ ಆ ಲೆಕ್ಕಾ ಹಾಕಿದ ರೀತಿನ ಒಪ್ಪಲಿಲ್ಲ. ಎಲ್ಲಾ ಸಾವು ನೋಂದಣಿ ಆಗೂ ದೇಶಕ್ಕೂ, ಹೊಲದ ಮನ್ಯಾಗ ತೀರಿದ್ರ ಕಾರಣ ಬರಿಯೋ ಡಾಕ್ಟರ ಇರದ ಜಾಗಕ್ಕೂ ಒಂದ ತಕ್ಕಡಿ ಹಿಡಿಯಾಕ ಬರೂದಿಲ್ಲ ಅಂತ ನನಗ ಅನಸ್ತೈತಿ. ವಯಸ್ಸೂ ನೋಡ್ರಿ, ಜಪಾನ್‌ದಾಗ ಮುದುಕರು ಹೆಚ್ಚು, ನಮ್ಮಲ್ಲಿ ಹುಡುಗರು, ವಯಸ್ಸಾದವರನ್ನ ಹೆಚ್ಚು ಕೊಲ್ಲೋ ರೋಗ ಅಲ್ಲಿ ಜೋರಾಗೇ ಕಾಣತೈತಿ.

ನನ್ನ ಕೇಳಿದ್ರ, ಒಂದು ದೇಶವನ್ನ ಅದರ ಹಿಂದಿನ ವರ್ಷದ ಜೊತಿ ಹೋಲಿಸೂದು ಹೆಚ್ಚು ನಂಬಿಕಿಯದ್ದು, ಅದೂ ನಡುವ ಟೆಸ್ಟ್, ಎಣಿಸೋ ನಿಯಮ ಬದಲಾಗಿರಬಾರದು. ಎರಡು ದೇಶ ಹೋಲಿಸಲೇಬೇಕಂದ್ರ ಚಾರ್ಟಿನ ಕೆಳಗ ಯಾವ ವರ್ಷ, ಅಂದಾಜೋ ರಿಪೋರ್ಟೋ, ಯಾವ ಟೆಸ್ಟ್ ಮ್ಯಾಲ ಎಣಿಸ್ಯಾರ ಅಂತ ಬರೀರಿ, ಇದರಾಗ ಒಂದು ಸಿಗದಿದ್ರೂ ಆ ಚಾರ್ಟ್ ಕಳಸಬ್ಯಾಡ್ರಿ.