ಈ ಮಾತು ಯಾರದು? ಕಾದಂಬರಿಯ ಪಾತ್ರಗಳನ್ನು ನಾನು ಓದುವ ಬಗೆ

ಕಾದಂಬರಿಯ ಪಾತ್ರವೊಂದರ ಬಗ್ಗೆ ಬರೆಯಲು ಕುಳಿತಾಗ ನಾನು ಪಾತ್ರದಿಂದ ಶುರು ಮಾಡುವುದಿಲ್ಲ. ಆ ಪಾತ್ರದ ಸುದ್ದಿಯನ್ನು ನಮಗೆ ಮುಟ್ಟಿಸುತ್ತಿರುವವರು ಯಾರು ಎಂಬಲ್ಲಿಂದ ಶುರು ಮಾಡುತ್ತೇನೆ. ಹುಬ್ಬಳ್ಳಿಯ ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ಧಾರವಾಡದ ಸಪ್ತಾಪುರದಲ್ಲಿ ಸೇರುವ ನಮ್ಮ ಓದುಬಳಗದಲ್ಲಿ ವಾದ ಮಾಡುತ್ತ ಈ ಕ್ರಮ ನನ್ನಲ್ಲಿ ಗಟ್ಟಿಯಾಯಿತು. ಪ್ರಶ್ನೆಪತ್ರಿಕೆಗಳು ಇನ್ನೂ ‘ಪಾತ್ರಚಿತ್ರಣ ಮಾಡಿರಿ’ ಎಂದೇ ಕೇಳುತ್ತವೆ. ಹುಡುಗರು ಗುಣಗಳ ಪಟ್ಟಿ ಬರೆಯುತ್ತಾರೆ: ದಯಾಳು, ಸ್ವಾಭಿಮಾನಿ, ತ್ಯಾಗಮಯಿ. ಆ ಪಟ್ಟಿಯಲ್ಲಿ ಮನುಷ್ಯನೊಬ್ಬ ಸಿಗುತ್ತಾನೆ, ಕಾದಂಬರಿ ಸಿಗುವುದಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಫ್ರಾನ್ಸಿನ ಸಾಹಿತ್ಯ ಸಿದ್ಧಾಂತಿ ಜೆರಾರ್ ಜೆನೆಟ್ 1972ರಲ್ಲಿ ಬಿಡಿಸಿಟ್ಟ ಎರಡು ಪ್ರಶ್ನೆಗಳು: ನೋಡುತ್ತಿರುವವರು ಯಾರು, ಹೇಳುತ್ತಿರುವವರು ಯಾರು? ಇವೆರಡೂ ಒಂದೇ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ತರಗತಿಯಲ್ಲಿ ಇದನ್ನು ತೋರಿಸಲು ನಾನೇ ಕಟ್ಟಿದ ಮೂರು ವಾಕ್ಯಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ‘ರಾಯರು ಬಾಗಿಲು ತೆರೆದರು. ಎದುರಿಗೆ ಬಸಪ್ಪ ನಿಂತಿದ್ದ. ಇವನಿಗೆ ಇಷ್ಟು ಹೊತ್ತಿನಲ್ಲಿ ಇಲ್ಲೇನು ಕೆಲಸ?’ ಮೂರನೆಯ ವಾಕ್ಯಕ್ಕೆ ‘ಎಂದುಕೊಂಡರು’ ಎಂಬ ಬಾಲವಿಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಆದರೂ ಅದು ರಾಯರ ಮನಸ್ಸು ಎಂದು ಹಿಂದಿನ ಬೆಂಚಿನ ಹುಡುಗಿಗೂ ಗೊತ್ತಾಗುತ್ತದೆ. ‘ಅವನಿಗೆ’ ಅಲ್ಲ, ‘ಇವನಿಗೆ’ ಎಂದಿರುವುದರಿಂದ ನಾವು ಹೊಸ್ತಿಲಲ್ಲಿ ರಾಯರ ಪಕ್ಕದಲ್ಲೇ ನಿಂತಿದ್ದೇವೆ.

ಇಷ್ಟಾದ ಮೇಲೆ ನಾನು ಹಿಂದಕ್ಕೆ, ಎರಡನೆಯ ವಾಕ್ಯಕ್ಕೆ ಕರೆದೊಯ್ಯುತ್ತೇನೆ. ರಾಯರಿಗೆ ‘ತೆರೆದರು’, ಬಸಪ್ಪನಿಗೆ ‘ನಿಂತಿದ್ದ’. ಈ ಬಹುವಚನ, ಏಕವಚನದ ತೀರ್ಮಾನ ಮಾಡಿದವರು ಯಾರು? ರಾಯರ ಕಣ್ಣಿನದಾದರೆ ಅದು ಅವರ ಸ್ವಭಾವದ ಸಾಕ್ಷಿ. ನಿರೂಪಕನದಾದರೆ ಅವನೂ ರಾಯರ ಓಣಿಯವನೇ. ಕನ್ನಡದಲ್ಲಿ ಯಾರ ಬಗ್ಗೆಯಾದರೂ ಒಂದು ಕ್ರಿಯಾಪದ ಬಳಸಿದ ಕೂಡಲೇ ಅವರಿಗೆ ಕೊಡುವ ಸ್ಥಾನವನ್ನೂ ಹೇಳಿಬಿಟ್ಟಿರುತ್ತೇವೆ. ಕಥೆ ಹೇಳುವ ಬಗೆಯನ್ನು ಬಿಡಿಸಿ ನೋಡುವ ಕಥನಶಾಸ್ತ್ರದ ಹೊರನಾಡಿನ ಪುಸ್ತಕಗಳಲ್ಲಿ ಇಂಥ ಉದಾಹರಣೆಗಳು ನನಗೆ ಸಿಗಲಿಲ್ಲ. ಹಾಗಾಗಿ ಯಾವುದೇ ಕಾದಂಬರಿಯ ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು ಕ್ರಿಯಾಪದಗಳ ತುದಿಗಳನ್ನೇ ಗುರುತು ಮಾಡುತ್ತ ಹೋಗುತ್ತೇನೆ. ಒಬ್ಬ ವ್ಯಕ್ತಿ ‘ಬಂದರು’ ಎನ್ನುವುದರಿಂದ ‘ಬಂದ’ ಎನ್ನುವುದಕ್ಕೆ ಇಳಿದ ಪುಟ ಸಿಕ್ಕರೆ ಅಲ್ಲಿ ಕಥೆಯೂ ತಿರುಗಿರುತ್ತದೆ.

ಮೊದಲ ಓದು ಮಾತ್ರ ಪೆನ್ಸಿಲ್ ಇಲ್ಲದ ಓದು. ಅದು ಹೆಚ್ಚಾಗಿ ಚಿಗರಿ ಬಸ್ಸಿನಲ್ಲಿ, ಹುಬ್ಬಳ್ಳಿ ಧಾರವಾಡಗಳ ನಡುವೆ ಆಗುತ್ತದೆ. ಆಗ ಸಿದ್ಧಾಂತ ನೆನಪಾಗಬಾರದು. ಕಥೆ ನಮ್ಮನ್ನು ನಂಬಿಸುವುದಕ್ಕೆ ಬಿಡದೆ, ಅದು ಹೇಗೆ ನಂಬಿಸಿತು ಎಂದು ಕೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನನ್ನನ್ನು ಹೀಗೆ ಪೂರ್ತಿ ನಂಬಿಸಿದ ಕೃತಿ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕುಳಿತ, ಹೆಸರೇ ಹೇಳದ ಒಬ್ಬ ‘ನಾನು’ ತನ್ನ ಮನೆಯ ಕಥೆ ಹೇಳುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಕುಟುಂಬಕ್ಕೆ ದುಡ್ಡು ಬಂದಿದೆ. ಇವನಿಗೆ ಮಾಡಲು ಕೆಲಸವಿಲ್ಲ, ಸಂಬಳವಿದೆ. ಇವನು ಸುಳ್ಳು ಹೇಳುವುದಿಲ್ಲ. ಮೆತ್ತಗೆ, ಸಭ್ಯವಾಗಿ ಮಾತನಾಡುತ್ತಾನೆ. ಅದಕ್ಕೇ ಇವನನ್ನು ಓದುವುದು ಕಷ್ಟ.

ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ‘ನಂಬಲಾಗದ ನಿರೂಪಕ’ ಎಂಬ ಪರಿಕಲ್ಪನೆ ಕೊಟ್ಟರು. ಅದನ್ನು ಹಿಡಿದುಕೊಂಡು ಈ ‘ನಾನು’ವಿನ ಹತ್ತಿರ ಹೋದರೆ ಮೊದಲು ಕೈಗೆ ಏನೂ ಸಿಗುವುದಿಲ್ಲ, ಏಕೆಂದರೆ ನಾವು ಸುಳ್ಳನ್ನು ಹುಡುಕುತ್ತಿರುತ್ತೇವೆ. ಅಮೆರಿಕದವರೇ ಆದ ಕಥನಶಾಸ್ತ್ರಜ್ಞ ಜೇಮ್ಸ್ ಫೆಲನ್ ಮಾಡಿದ ವಿಂಗಡಣೆ ಇಲ್ಲಿ ನೆರವಾಗುತ್ತದೆ. ನಿರೂಪಕ ಸಂಗತಿಯಲ್ಲಿ, ಅರಿವಿನಲ್ಲಿ, ನೈತಿಕ ತೀರ್ಮಾನದಲ್ಲಿ ಎಡವಬಹುದು. ಮೂರರಲ್ಲೂ ತಪ್ಪು ಹೇಳುವುದು ಒಂದು ಬಗೆ, ಕಡಿಮೆ ಹೇಳುವುದು ಇನ್ನೊಂದು ಬಗೆ. ಈ ‘ನಾನು’ ಕಡಿಮೆ ಹೇಳುವವನು. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವಾಗ ಇವನು ತಡೆಯುವುದಿಲ್ಲ. ನಮಗೆ ಎಲ್ಲವನ್ನೂ ತೋರಿಸುತ್ತಾನೆ, ತೀರ್ಪನ್ನು ಮಾತ್ರ ತಡೆಹಿಡಿಯುತ್ತಾನೆ. ಇವನ ಮಾತಿನಲ್ಲಿ ‘ನಾವು’ ಬಂದಾಗಲೆಲ್ಲ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಈ ‘ನಾವು’ವಿನಲ್ಲಿ ಹೆಂಡತಿ ಅನಿತಾ ಇದ್ದಾಳೆಯೇ?

ಊರಿಗೆ ಹೋದ ಅನಿತಾಳಿಗೆ ಏನಾಯಿತೆಂದು ಕೃತಿ ಬಿಡಿಸಿ ಹೇಳುವುದಿಲ್ಲ. ನಮ್ಮ ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ನನ್ನ ಈ ಓದಿನಿಂದ ಸಮಾಧಾನವಾಗಲಿಲ್ಲ. “ಅದೆಲ್ಲ ಇರಲಿ ಮೇಡಂ, ಕೊನೆಗೆ ಅನಿತಾಳಿಗೆ ಏನಾಯಿತು, ಅದನ್ನು ಹೇಳಿರಿ” ಎಂದರು. ಕುರ್ತಕೋಟಿಯವರಂಥ ವಿಮರ್ಶಕರ ಮಾತು ಕೇಳಿದ ಊರಿದು. ಇಲ್ಲಿ ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಾಗದು, ಹಾಕಲೂಬಾರದು. ಇಂಗ್ಲೆಂಡಿನ ವಿಮರ್ಶಕ ಎಲ್. ಸಿ. ನೈಟ್ಸ್ 1933ರಲ್ಲಿ ‘ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು’ ಎಂಬ ಶೀರ್ಷಿಕೆಯಲ್ಲೇ ಇಂಥ ಕುತೂಹಲವನ್ನು ಚುಚ್ಚಿದ್ದರು: ಪುಟದ ಆಚೆಗೆ ಪಾತ್ರಕ್ಕೆ ಬದುಕಿಲ್ಲ. ನಾನು ಅವರಷ್ಟು ಕಠಿಣಳಾಗಲಾರೆ. ಅನಿತಾಳ ಬಗ್ಗೆ ಆತಂಕಪಡದ ಓದುಗರಿಗೆ ಆ ಕೃತಿ ತಲುಪಿಯೇ ಇಲ್ಲ. ಆದರೆ ಆತಂಕಕ್ಕೆ ಉತ್ತರವನ್ನು ಹುಡುಕಬೇಕಾದದ್ದು ಅವಳು ಹೋದ ಊರಿನಲ್ಲಲ್ಲ. ಅವಳ ಬಗ್ಗೆ ಇಷ್ಟು ತಣ್ಣಗೆ ಹೇಳುತ್ತಿರುವವನ ಬಾಯಲ್ಲಿ.

ಇದನ್ನು ವಾದದಿಂದ ಒಪ್ಪಿಸುವುದಕ್ಕಿಂತ ಮಾಡಿಸಿ ತೋರಿಸುವುದು ಮೇಲು. ಆ ಹೆಂಗಸನ್ನು ಅಟ್ಟಿದ ಪ್ರಸಂಗವನ್ನು ಅನಿತಾ ತನ್ನ ತವರಿನಲ್ಲಿ ಹೇಳಿದರೆ ಹೇಗಿರುತ್ತದೆ ಎಂದು ಎಲ್ಲರೂ ಅರ್ಧ ಪುಟ ಬರೆಯಬೇಕೆಂದು ಕೇಳಿದೆ. ಬಳಗದ ಶಿಕ್ಷಕಿಯೊಬ್ಬರು ಓದಿದ ಮೊದಲ ವಾಕ್ಯ ಹೀಗಿತ್ತು: ‘ಅವ್ವಾ, ಇವರು ಅಲ್ಲೇ ಇದ್ದರು.’ ಹೆಂಗಸು ಯಾರು, ಏಕೆ ಬಂದಳು ಎನ್ನುವುದಕ್ಕೂ ಮೊದಲು ಗಂಡ ಬಂದುಬಿಟ್ಟ. ನಿರೂಪಕ ತನ್ನನ್ನು ಅಂಚಿಗೆ ಸರಿಸಿಕೊಂಡ ಪ್ರಸಂಗದಲ್ಲಿ ಅನಿತಾ ಅವನನ್ನು ನಡುವೆ ನಿಲ್ಲಿಸಿದಳು, ಅದೂ ‘ಇವರು’ ಎಂಬ ಗೌರವದ ಮಾತನ್ನು ಬಿಡದೆ. ಬ್ಯಾಂಕಿನ ಹಿರಿಯರು ಆ ವಾಕ್ಯವನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ ಕನ್ನಡಕ ತೆಗೆದು, “ಹಾಗಾದರೆ ಅನಿತಾ ತವರಿನವರಿಗೆ ಏನನ್ನು ಬಿಟ್ಟು ಹೇಳುತ್ತಿದ್ದಾಳೆ?” ಎಂದು ಕೇಳಿದರು. ಉಳಿದ ಹೊತ್ತೆಲ್ಲ ಚರ್ಚೆ ನಡೆದದ್ದು ಅದರ ಮೇಲೆಯೇ.