ಕ್ಯಾಮೆರಾಗೆಂದೇ ಫೋನ್ ಕೊಳ್ಳುವವರು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

ಹಗಲು ಬೆಳಕಿನಲ್ಲಿ ಹತ್ತು ಸಾವಿರ ರೂಪಾಯಿಯ ಫೋನೂ ಚೆಂದದ ಫೋಟೊ ಕೊಡುತ್ತದೆ. ಹಣಕ್ಕೆ ತಕ್ಕ ವ್ಯತ್ಯಾಸ ಕಾಣುವುದು ಸಂಜೆಯ ಮೇಲೆ: ಕಲ್ಯಾಣ ಮಂಟಪದ ಆರತಕ್ಷತೆ, ರಾತ್ರಿಯ ಬಯಲಾಟ, ಟ್ಯೂಬ್‌ಲೈಟಿನಡಿ ಒಂದು ಕ್ಷಣವೂ ನಿಲ್ಲದ ಮಗು. ಮಂದ ಬೆಳಕಿನಲ್ಲಿ ಅಲುಗಾಡುವ ಮನುಷ್ಯರನ್ನು ಸ್ಪಷ್ಟವಾಗಿ ಹಿಡಿಯಬಲ್ಲ ಫೋನು ಬೇರೆಡೆಯೂ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಆಯ್ಕೆಯ ಪ್ರತಿ ಹಂತದಲ್ಲೂ ಇದನ್ನೇ ಅಳತೆಗೋಲು ಮಾಡಿಕೊಳ್ಳಿ.

ಮೊದಲು ಹಳೆಯ ಗ್ಯಾಲರಿ ತೆರೆಯಿರಿ

ಈಗಿನ ಫೋನಿನಲ್ಲಿರುವ ಕೊನೆಯ ನೂರು ಫೋಟೊ ನೋಡಿ, ಯಾವ ಬಗೆಯವು ಎಷ್ಟಿವೆ ಎಂದು ಎಣಿಸಿ. ಮನೆಮಂದಿಯ ಮುಖಗಳೇ ಹೆಚ್ಚಿದ್ದರೆ ಮುಖ್ಯ ಕ್ಯಾಮೆರಾ ಒಳ್ಳೆಯದಿದ್ದರೆ ಸಾಕು. ಶಾಲಾ ವಾರ್ಷಿಕೋತ್ಸವವನ್ನು ಹತ್ತನೇ ಸಾಲಿನಿಂದ ತೆಗೆಯುವವರಿಗೆ ಟೆಲಿಫೋಟೊ ಲೆನ್ಸ್ ಬೇಕು. ಚಿಕ್ಕ ಕೋಣೆಯಲ್ಲಿ ಇಡೀ ಕುಟುಂಬವನ್ನು, ಬುಡದಲ್ಲೇ ನಿಂತು ಇಡೀ ಗೋಪುರವನ್ನು ಹಿಡಿಯುವವರಿಗೆ ಅಲ್ಟ್ರಾವೈಡ್ ಬೇಕು. ದೂರದ ಹಕ್ಕಿಗಳೇ ನಿಮ್ಮ ಆಸಕ್ತಿಯಾದರೆ ಫೋನಿನ ಯೋಚನೆ ಬಿಟ್ಟು ಉದ್ದ ಜೂಮ್ ಇರುವ ಕ್ಯಾಮೆರಾ ಕೊಳ್ಳುವುದೇ ಮೇಲು. ಲೆನ್ಸಿನ ಮಿ.ಮೀ. ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಫೋನಿನ 5ಎಕ್ಸ್ (ಐದು ಪಟ್ಟು) ಲೆನ್ಸ್ ಸುಮಾರು 120 ಮಿ.ಮೀ. ಲೆನ್ಸಿಗೆ ಸಮ, ಹಕ್ಕಿಗೆ 300 ಮಿ.ಮೀ. ಕೂಡ ಎಷ್ಟೋ ಸಲ ಸಾಲುವುದಿಲ್ಲ.

ಸೆನ್ಸರ್ ಗಾತ್ರ ಹುಡುಕಿ

ಲೆನ್ಸಿನ ಹಿಂದೆ ಕೂತು ಬೆಳಕನ್ನು ಚಿತ್ರವಾಗಿಸುವ ಚಿಪ್ಪೇ ಸೆನ್ಸರ್. ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದರ ಗಾತ್ರ. 1/1.3, 1/1.56, 1/2.76 ಇಂಚು ಎಂದು ಬರೆದಿರುತ್ತದೆ. ಒಂದರ ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. 1/1.3 ಇಂಚಿನ ಸೆನ್ಸರ್‌ನ ವಿಸ್ತೀರ್ಣ 1/2.76 ಇಂಚಿನದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು, ಅಂದರೆ ಅಷ್ಟೇ ಹೆಚ್ಚು ಬೆಳಕು ಅದರ ಮೇಲೆ ಬೀಳುತ್ತದೆ. ಎರಡೂ ಫೋನಿನ ಡಬ್ಬದ ಮೇಲೆ ‘50 ಎಂಪಿ’ (ಮೆಗಾಪಿಕ್ಸೆಲ್) ಎಂದೇ ಇರಬಹುದು. ಮಧ್ಯಮ ಬೆಲೆಯ ಫೋನಿನಲ್ಲಿ 1/1.56 ಸಿಕ್ಕರೆ ಒಳ್ಳೆಯ ವ್ಯಾಪಾರ, 1/1.95 ಪರವಾಗಿಲ್ಲ. ಗಾತ್ರ ಬರೆದಿಲ್ಲದಿದ್ದರೆ ಸೆನ್ಸರ್‌ನ ಹೆಸರು ಹುಡುಕಿ. ಹೆಸರು ಸಿಕ್ಕರೆ ಗಾತ್ರವೂ ಸಿಗುತ್ತದೆ.

ಮೆಗಾಪಿಕ್ಸೆಲ್ ಲೆಕ್ಕ ಹೀಗಿದೆ. 50 ಎಂಪಿ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12.5 ಎಂಪಿ ಫೋಟೊ ಕೊಡುತ್ತದೆ. 200 ಎಂಪಿಯದು ಹದಿನಾರನ್ನು ಕೂಡಿಸಿ ಅದೇ 12.5 ಎಂಪಿಗೆ ಬಂದು ನಿಲ್ಲುತ್ತದೆ. ಗೂಗಲ್ 2018ರ ಪಿಕ್ಸೆಲ್ 3ರಿಂದ 2020ರ ಪಿಕ್ಸೆಲ್ 5ರವರೆಗೆ ಮುಖ್ಯ ಕ್ಯಾಮೆರಾದಲ್ಲಿ 12.2 ಎಂಪಿಯನ್ನೇ ಉಳಿಸಿಕೊಂಡಿತ್ತು. ಹಲವು ಚಿತ್ರಗಳನ್ನು ಸರಸರ ತೆಗೆದು ಒಂದಾಗಿ ಜೋಡಿಸುವ ಸಾಫ್ಟ್‌ವೇರ್‌ನಿಂದಲೇ ಆ ಫೋನುಗಳು ಹೆಸರು ಮಾಡಿದವು.

ಲೆನ್ಸಿನ ಬಾಯಿ ಎಷ್ಟು ಅಗಲ ಎಂದು ಹೇಳುವ ಎಫ್ ಸಂಖ್ಯೆಯೂ ಕಡಿಮೆ ಇರಬೇಕು. ಎಫ್/1.8 ಲೆನ್ಸ್ ಎಫ್/2.2ಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ.

ಓಐಎಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಓಐಎಸ್ (ಆಪ್ಟಿಕಲ್ ಇಮೇಜ್ ಸ್ಟೆಬಿಲೈಸೇಷನ್) ಇದ್ದರೆ ಕೈ ನಡುಗಿದಾಗ ಲೆನ್ಸ್ ಅಥವಾ ಸೆನ್ಸರ್ ಅದಕ್ಕೆ ವಿರುದ್ಧ ದಿಕ್ಕಿಗೆ ಸರಿದು ಚಿತ್ರವನ್ನು ಸ್ಥಿರವಾಗಿಡುತ್ತದೆ. ಇಐಎಸ್ (ಎಲೆಕ್ಟ್ರಾನಿಕ್ ಇಮೇಜ್ ಸ್ಟೆಬಿಲೈಸೇಷನ್) ಬರೀ ಸಾಫ್ಟ್‌ವೇರ್. ಅದು ವಿಡಿಯೊದ ಅಂಚು ಕತ್ತರಿಸಿ ಅಲುಗಾಟ ಮುಚ್ಚುತ್ತದೆ, ರಾತ್ರಿಯ ಫೋಟೊಗೆ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಮೆರಾಗೆಂದೇ ಕೊಳ್ಳುವವರು ಓಐಎಸ್ ಇಲ್ಲದ ಫೋನಿನ ಕಡೆ ನೋಡುವುದೇ ಬೇಡ. ಆದರೆ ಓಐಎಸ್ ಸರಿಪಡಿಸುವುದು ನಿಮ್ಮ ಕೈಯ ನಡುಕವನ್ನು. ಎದುರಿಗೆ ಕುಣಿಯುವ ವೇಷಧಾರಿಯನ್ನು ಅದು ನಿಲ್ಲಿಸಲಾರದು. ರಂಗಸ್ಥಳದ ಕಂಬ ಸ್ಪಷ್ಟವಾಗಿ ಬಂದು ಕಿರೀಟ ಮಾತ್ರ ಮಸುಕಾದರೆ ಶಟರ್ ನಿಧಾನವಾಗಿತ್ತು, ಅಂದರೆ ಕ್ಯಾಮೆರಾ ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಟ್ಟಿತ್ತು ಎಂದರ್ಥ. ಅಲ್ಲಿ ಕೆಲಸಕ್ಕೆ ಬರುವುದು ದೊಡ್ಡ ಸೆನ್ಸರ್ ಮತ್ತು ಕಡಿಮೆ ಎಫ್ ಸಂಖ್ಯೆಯ ಲೆನ್ಸ್.

ಹಿಂಬದಿಯ 2 ಎಂಪಿ ಮ್ಯಾಕ್ರೊ, 2 ಎಂಪಿ ಡೆಪ್ತ್ ಕ್ಯಾಮೆರಾಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆಟೊಫೋಕಸ್ ಇರುವ ಅಲ್ಟ್ರಾವೈಡ್ ಇದ್ದರೆ ಹೂವಿನ ಕೇಸರವನ್ನೂ ಅದೇ ಚೆನ್ನಾಗಿ ತೆಗೆಯುತ್ತದೆ. ‘100ಎಕ್ಸ್ ಜೂಮ್’ ಎಂಬ ಬರಹದಲ್ಲಿ ಆಪ್ಟಿಕಲ್, ಅಂದರೆ ಲೆನ್ಸಿನಿಂದಲೇ ಆಗುವ ಜೂಮ್, ಎಷ್ಟು ಎಂದು ಕೇಳಿ. ಟೆಲಿಫೋಟೊ ಇಲ್ಲದೆ 3ಎಕ್ಸ್ ಒತ್ತಿದರೆ ಸೆನ್ಸರ್‌ನ ಒಂಬತ್ತನೇ ಒಂದು ಭಾಗ ಮಾತ್ರ ಬಳಕೆಯಾಗುತ್ತದೆ.

ಅಂಗಡಿಯಲ್ಲಿ ಹದಿನೈದು ನಿಮಿಷ

ಜೊತೆಗೊಬ್ಬರನ್ನು ಕರೆದುಕೊಂಡು, ಹಳೆಯ ಫೋನನ್ನೂ ಹಿಡಿದುಕೊಂಡು ಹೋಗಿ. ಡೆಮೊ ಫೋನಿನ ಲೆನ್ಸ್ ಮೇಲೆ ಹತ್ತಾರು ಜನರ ಬೆರಳಿನ ಜಿಡ್ಡಿರುತ್ತದೆ; ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಸೆಟ್ಟಿಂಗ್‌ನಲ್ಲಿ ಚರ್ಮವನ್ನು ನುಣುಪಾಗಿಸುವ ಬ್ಯೂಟಿಯನ್ನು ಸೊನ್ನೆಗೆ ಇಳಿಸಿ, ಫಿಲ್ಟರ್ ತೆಗೆಯಿರಿ.

ಮೊದಲು ಜೊತೆಗಾರರನ್ನು ಅಂಗಡಿ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ. ಮುಖ ಕಪ್ಪಾಗದೆ, ಹಿಂದಿನ ಬೀದಿ ಬೆಳ್ಳಗೆ ಸುಟ್ಟುಹೋಗದೆ ಎರಡೂ ಕಾಣಬೇಕು. ಆಮೇಲೆ ಕೌಂಟರ್ ಕೆಳಗಿನ ಕತ್ತಲಲ್ಲಿ ಒಂದು ಡಬ್ಬವಿಟ್ಟು ಅದರ ಸಣ್ಣ ಅಕ್ಷರಗಳ ಫೋಟೊ ತೆಗೆಯಿರಿ, ಹಳೆಯ ಫೋನಿನಲ್ಲೂ ಅದನ್ನೇ ತೆಗೆಯಿರಿ. ಎರಡನ್ನೂ ಹಿಗ್ಗಿಸಿ ನೋಡಿ. ಅಕ್ಷರ ಎಣ್ಣೆಬಣ್ಣ ಬಳಿದಂತೆ ಕಲಸಿಹೋಗಿದ್ದರೆ ಸಾಫ್ಟ್‌ವೇರ್ ಕತ್ತಲ ಫೋಟೊದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು ಅಳಿಸಲು ಹೋಗಿ ವಿವರವನ್ನೂ ಅಳಿಸಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಜೊತೆಗಾರರು ಅತ್ತಿತ್ತ ನಡೆಯಲಿ. ಹತ್ತು ಫೋಟೊ ಬೇಗಬೇಗ ತೆಗೆದು, ಎಷ್ಟರಲ್ಲಿ ಕಣ್ಣು ಸ್ಪಷ್ಟವಾಗಿದೆ ಎಂದು ಎಣಿಸಿ. ಬಟನ್ ಒತ್ತಿದ ಕ್ಷಣ ಬಿಟ್ಟು ನಂತರದ ಕ್ಷಣ ದಾಖಲಾಗಿದ್ದರೆ ಆ ಫೋನು ಮಕ್ಕಳಿರುವ ಮನೆಗೆ ಹೇಳಿಸಿದ್ದಲ್ಲ. ಗ್ಯಾಲರಿಯಲ್ಲಿ ಫೋಟೊವನ್ನು ಮೇಲಕ್ಕೆ ಎಳೆದರೆ ಹೆಚ್ಚಿನ ಫೋನುಗಳಲ್ಲಿ ಶಟರ್ ವೇಗ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಕಾಣುತ್ತವೆ. ನಡೆದಾಡುವ ಮನುಷ್ಯನಿಗೆ 1/125 ಸೆಕೆಂಡಾದರೂ ಬೇಕು. 1/20 ಎಂದಿದ್ದರೆ ಕೈಕಾಲು ಮಸುಕಾಗಿರುವುದು ಸಹಜ. ಅದೇ ಜಾಗದಲ್ಲಿ ಎರಡು ಫೋನುಗಳ ಈ ಅಂಕಿ ಹೋಲಿಸಿದರೆ ಜಾಹೀರಾತು ಹೇಳದ್ದು ತಿಳಿಯುತ್ತದೆ.

ಬಣ್ಣಕ್ಕೆ ಕೆಂಪು ರೇಷ್ಮೆ ಸೀರೆ ಒಳ್ಳೆಯ ಪರೀಕ್ಷೆ. ಸೆರಗಿನ ಒಂದು ಗೇಣಿನಷ್ಟು ಭಾಗ ತುಂಬುವಂತೆ ತೆಗೆಯಿರಿ. ಒಳ್ಳೆಯ ಕ್ಯಾಮೆರಾದಲ್ಲಿ ನೂಲಿನ ಎಳೆ, ಮಡಿಕೆಯ ನೆರಳು, ಜರಿಯ ಹೊಳಪು ಬೇರೆಬೇರೆ ಕಾಣುತ್ತವೆ. ಕೆಟ್ಟದ್ದರಲ್ಲಿ ಎಲ್ಲ ಸೇರಿ ಒಂದೇ ಕೆಂಪು ಮುದ್ದೆ. ನಿಮ್ಮ ಕೈಯ ಫೋಟೊ ತೆಗೆದು ಪರದೆಯ ಪಕ್ಕದಲ್ಲೇ ಕೈ ಹಿಡಿಯಿರಿ. ಬ್ಯೂಟಿ ತೆಗೆದ ಮೇಲೂ ಚರ್ಮ ಬಿಳಿಚಿಕೊಂಡರೆ ಅದು ಫೋನಿನ ಸ್ವಭಾವ, ಬದಲಾಗುವುದಿಲ್ಲ. ಪೋರ್ಟ್ರೇಟ್‌ನಲ್ಲಿ ಕನ್ನಡಕದ ಕಡ್ಡಿ, ಜುಮಕಿ, ಮುಡಿದ ಮಲ್ಲಿಗೆಯ ಅಂಚು ಹಿನ್ನೆಲೆಯಲ್ಲಿ ಕರಗಿವೆಯೇ ನೋಡಿ.

ಕೊನೆಗೆ 4ಕೆ ವಿಡಿಯೊ ಮಾಡುತ್ತ ಇಪ್ಪತ್ತು ಹೆಜ್ಜೆ ನಡೆಯಿರಿ, ನಡುವೆ ಮಾತಾಡಿ, ಧ್ವನಿಯನ್ನೂ ಕೇಳಿ. ಎಲ್‌ಇಡಿ ದೀಪದಡಿ ಪಟ್ಟೆಪಟ್ಟೆ ಬಂದರೆ ಗಾಬರಿ ಬೇಡ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ್ಯಂಟಿ-ಫ್ಲಿಕರ್ ಸೆಟ್ಟಿಂಗ್ ಇದ್ದರೆ 50ಕ್ಕೆ ಇಟ್ಟು ಮತ್ತೆ ನೋಡಿ.

ಈ ಫೋಟೊಗಳನ್ನು ಬ್ಲೂಟೂತ್ ಅಥವಾ ಕ್ವಿಕ್ ಶೇರ್ ಮೂಲಕ ನಿಮ್ಮ ಫೋನಿಗೆ ಕಳಿಸಿಕೊಂಡು ಮನೆಯಲ್ಲಿ ದೊಡ್ಡ ಪರದೆಯಲ್ಲಿ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗಿ, ಹೋಲಿಕೆಯೇ ಹಾಳಾಗುತ್ತದೆ. ಡೆಮೊ ಫೋನಿನಿಂದ ಅಳಿಸಿ ಬರುವುದನ್ನು ಮರೆಯಬೇಡಿ.

ಬೆಲೆ ಮತ್ತು ಸ್ಟೋರೇಜ್

ಇದೇ ಹಣಕ್ಕೆ ಈ ವರ್ಷದ ಮಧ್ಯಮ ಫೋನೋ, ಕಳೆದ ವರ್ಷದ ಮೇಲ್ದರ್ಜೆಯದೋ ಎಂಬ ಪ್ರಶ್ನೆ ಬಂದರೆ, ಕ್ಯಾಮೆರಾ ಮಟ್ಟಿಗೆ ಬಹುಪಾಲು ಎರಡನೆಯದೇ ಮೇಲು. ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆ ಎಂದು ನೋಡಿಕೊಳ್ಳಿ. ವಿಡಿಯೊ ಕುಗ್ಗಿಸಿಡುವ ಹಳೆಯ ಎಚ್.264 ವಿಧಾನದಲ್ಲಿ ಸೆಕೆಂಡಿಗೆ 30 ಫ್ರೇಮಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 350 ಎಂಬಿ ಹಿಡಿಯುತ್ತದೆ, ಒಂದು ಗಂಟೆಗೆ 20 ಜಿಬಿ ದಾಟುತ್ತದೆ. ಮೆಮೊರಿ ಕಾರ್ಡಿಗೆ ಜಾಗವಿಲ್ಲದ ಫೋನಾದರೆ 256 ಜಿಬಿಯದನ್ನೇ ಕೊಳ್ಳಿ.

ಮನೆಗೆ ತಂದ ಮೇಲೆ

ಬದಲಿಸಿಕೊಡುವ ಅವಧಿ ಮುಗಿಯುವ ಮೊದಲು ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಸಪಾಟಾಗಿ ಅಂಟಿಸಿ, ನೇರ ಎದುರಿನಿಂದ ಪ್ರತಿ ಲೆನ್ಸಿನಲ್ಲೂ ಫೋಟೊ ತೆಗೆಯಿರಿ. ನಾಲ್ಕೂ ಮೂಲೆ ತುಸು ಮಸುಕಾಗಿದ್ದರೆ ಸಹಜ. ಒಂದೇ ಮೂಲೆ ಅಥವಾ ಒಂದೇ ಬದಿ ಮಸುಕಾದರೆ ಲೆನ್ಸ್ ವಾಲಿ ಕೂತಿರುತ್ತದೆ, ಬದಲಿಸಿಕೊಳ್ಳಿ. ಲೆನ್ಸ್ ಮೇಲೆ ಅಗ್ಗದ ಗಾಜು ಅಂಟಿಸಬೇಡಿ, ರಾತ್ರಿ ದೀಪಗಳ ಸುತ್ತ ಅದು ಬೆಳಕಿನ ಗೆರೆ ಎಳೆಯುತ್ತದೆ. ದಾರಿ ನೋಡಲೆಂದು ಬೈಕಿನ ಹ್ಯಾಂಡಲ್‌ಗೆ ಫೋನ್ ಬಿಗಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಎಂಜಿನ್ನಿನ ಕಂಪನ ಓಐಎಸ್ ಭಾಗವನ್ನು ಕೆಡಿಸಬಲ್ಲದು. ಆ್ಯಪಲ್ 2021ರಲ್ಲಿ ಐಫೋನ್ ಬಳಕೆದಾರರಿಗೆ ಈ ಎಚ್ಚರಿಕೆ ಕೊಟ್ಟಿತ್ತು. ಬಿಗಿಯಲೇಬೇಕಾದರೆ ಕಂಪನ ಹೀರುವ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರನ್ನೇ ಬಳಸಿ.